ಪುಡಿ ಹಾಕಿದರೂ ನೀರು ಹಸಿರೇ: ಕೃಷಿ ಹೊಂಡ, ಮೀನಿನ ತೊಟ್ಟಿಗಳಲ್ಲಿ ಖನಿಜ ಕೆಲಸ ಮಾಡದಿದ್ದಾಗ ಎಲ್ಲಿ ಹುಡುಕಬೇಕು

ಏಪ್ರಿಲ್ ಎರಡನೇ ವಾರ ಹೊಳಲ್ಕೆರೆ ಕಡೆಯಿಂದ ಭಾವ ಫೋನ್ ಮಾಡಿದರು. ಅಡಿಕೆ ತೋಟದ ಕೃಷಿ ಹೊಂಡದ ನೀರು ಹಸಿರು ಬಣ್ಣ ಕಲಸಿದ ಹಾಗಾಗಿದೆ, ಡ್ರಿಪ್ ಫಿಲ್ಟರ್ ದಿನಕ್ಕೆ ಎರಡು ಬಾರಿ ಕಟ್ಟಿಕೊಳ್ಳುತ್ತಿದೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿವೆ ಎಂದರು. "ಸುಣ್ಣದ ಕಲ್ಲಿನ ಪುಡಿ ಒಂದು ಚೀಲ ಹಾಕಿದೆ, ಏನೂ ಆಗಲಿಲ್ಲ. ಪಟಿಕ ಹಾಕಿದೆ, ನಾಲ್ಕು ದಿನ ತಿಳಿಯಾಗಿ ಮತ್ತೆ ಅದೇ ಕಥೆ. ಈಗ ಪಕ್ಕದ ತೋಟದವರು ಜಿಯೊಲೈಟ್ ಎಂಬ ಖನಿಜದ ಹರಳು ಹಾಕು ಎನ್ನುತ್ತಿದ್ದಾರೆ. ಎಷ್ಟು ತರಲಿ, ನೀನೇ ಹೇಳು" ಎಂದು ಕೇಳಿದರು. "ಏನೂ ತರಬೇಡಿ ಭಾವ, ಭಾನುವಾರ ನಾನೇ ಬಂದು ನೋಡುತ್ತೇನೆ" ಎಂದೆ.

ದಾವಣಗೆರೆಯ ಮನೆಯಲ್ಲಿ ಬಹಳ ವರ್ಷಗಳಿಂದ ಮೀನಿನ ತೊಟ್ಟಿಗಳನ್ನು ಇಟ್ಟುಕೊಂಡಿದ್ದೇನೆ. ನೆಂಟರಿಷ್ಟರ ಹೊಂಡಗಳನ್ನೂ ನೋಡಿ ಬರುತ್ತೇನೆ. ಭಾವ ಕೇಳಿದ ಪ್ರಶ್ನೆಯನ್ನು ಎಷ್ಟೋ ಜನ ಕೇಳಿದ್ದಾರೆ. ಖನಿಜಗಳ ಮೇಲೆ ನನಗೆ ನಂಬಿಕೆ ಇದೆ. ಆದರೆ ಅವು ಪಾಚಿಗೆ ವಿಷವಲ್ಲ, ಪಾಚಿಯ ಊಟವನ್ನು ಕಟ್ಟಿಹಾಕುವ ವಸ್ತುಗಳು. ಯಾವ ಊಟ, ಎಲ್ಲಿಂದ ಬರುತ್ತಿದೆ ಎಂದು ತಿಳಿಯುವ ಮೊದಲೇ ಚೀಲ ಬಿಚ್ಚಿದರೆ ದುಡ್ಡು ನೀರಿಗೆ ಹೋಗುತ್ತದೆ, ಕೆಲವೊಮ್ಮೆ ಮೀನೂ ಹೋಗುತ್ತದೆ. ಆದ್ದರಿಂದ ನಾನು ಯಾವ ಕ್ರಮದಲ್ಲಿ ಪರೀಕ್ಷಿಸುತ್ತೇನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಇದು ದೋಷವೇ?

ಒಂದು ಬಿಳಿ ಪಿಂಗಾಣಿ ತಟ್ಟೆಯನ್ನು ದಾರಕ್ಕೆ ಕಟ್ಟಿ, ದಾರಕ್ಕೆ ಹತ್ತು ಸೆಂಟಿಮೀಟರಿಗೊಂದು ಗಂಟು ಹಾಕಿಕೊಳ್ಳಿ. ಬಿಸಿಲಿರುವಾಗ ತಟ್ಟೆಯನ್ನು ನಿಧಾನವಾಗಿ ಇಳಿಸಿ, ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳಿ. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ಖಗೋಳ ವಿಜ್ಞಾನಿ ಸಮುದ್ರದಲ್ಲಿ ಮಾಡಿದ ಪ್ರಯೋಗ ಇದು. ಇಂದಿಗೂ ಇದಕ್ಕಿಂತ ಅಗ್ಗದ, ನಂಬಬಹುದಾದ ಅಳತೆ ಇನ್ನೊಂದಿಲ್ಲ.

ಮೀನು ಸಾಕುವ ಹೊಂಡದಲ್ಲಿ ತಟ್ಟೆ 25ರಿಂದ 40 ಸೆಂಟಿಮೀಟರ್ ಆಳದವರೆಗೆ ಕಂಡರೆ ಆ ಹಸಿರು ದೋಷವಲ್ಲ. ಆ ಸಣ್ಣ ಪಾಚಿಯೇ ಹೊಂಡದ ಆಹಾರ ಸರಪಳಿಯ ಬುಡ, ಹಗಲಿನಲ್ಲಿ ಆಮ್ಲಜನಕ ಕೊಡುವುದೂ ಅದೇ. ಅಂಥ ನೀರಿಗೆ ಪಟಿಕ ಸುರಿದು "ಶುದ್ಧ" ಮಾಡುವವರನ್ನು ಕಂಡಿದ್ದೇನೆ. ಅದು ಮೀನಿನ ತಟ್ಟೆಯ ಊಟವನ್ನು ಕಿತ್ತುಕೊಂಡಂತೆ. 20 ಸೆಂಟಿಮೀಟರಿಗಿಂತ ಕಡಿಮೆ ಕಂಡರೆ ಮಾತ್ರ ಎಚ್ಚರವಾಗಬೇಕು. ಭಾವನ ಹೊಂಡದಲ್ಲಿ ತಟ್ಟೆ 14ಕ್ಕೇ ಮರೆಯಾಯಿತು.

ಇನ್ನೊಂದು ಮಾತು. ನಮ್ಮ ಕಡೆ ಅನೇಕ ಹೊಂಡಗಳ ನೀರು ಹಸಿರಲ್ಲ, ಕೆಂಪು. ಅದು ಮಣ್ಣು. ಕೆಂಪು ನೀರಿಗೆ ಪಟಿಕವನ್ನೋ ಜಿಪ್ಸಮ್ಮನ್ನೋ ಹಾಕಿ ತಿಳಿ ಮಾಡಿದರೆ ಅದುವರೆಗೆ ಮಣ್ಣು ತಡೆದಿದ್ದ ಬಿಸಿಲು ತಳದವರೆಗೆ ಇಳಿಯುತ್ತದೆ, ಹದಿನೈದು ದಿನದಲ್ಲಿ ಪಾಚಿ ಏಳುತ್ತದೆ. "ಪಟಿಕ ಹಾಕಿದ ಮೇಲೆಯೇ ಪಾಚಿ ಬಂತು" ಎನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಇದಕ್ಕೆ ಪರಿಹಾರ ಹೊಂಡದ ಬಾಯಿಯಲ್ಲಿದೆ. ಒಳಹರಿವಿನ ಮುಂದೆ ಒಂದು ಸಣ್ಣ ಹೂಳುಗುಂಡಿ ತೋಡಿ, ಅದು ತುಂಬಿ ತಿಳಿ ನೀರು ಮಾತ್ರ ಹೊಂಡಕ್ಕೆ ಇಳಿಯುವಂತೆ ಮಾಡಬೇಕು. ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿದ ಮೇಲೆ ಕೆಳಗಿನದಕ್ಕೆ ನೀರು ಇಳಿಯುವ ಏರ್ಪಾಟನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯಾವ ಪಾಚಿ?

ಒಂದು ಒರಟು ಕೋಲನ್ನು ನೀರಿಗಿಳಿಸಿ ತಿರುಗಿಸಿ ಎತ್ತಿ. ಕೂದಲ ಜಡೆಯಂತೆ ಎಳೆಗಳು ಸುತ್ತಿಕೊಂಡು ಬಂದರೆ ಅದು ಎಳೆ ಪಾಚಿ. ಅದಕ್ಕೆ ಮೊದಲ ಔಷಧ ಕೈ ಮತ್ತು ಕುಂಟೆ. ಎಳೆದು ದಡಕ್ಕೆ ಹಾಕಿ, ಒಣಗಿದ ಮೇಲೆ ಅಡಿಕೆ ಬುಡಕ್ಕೆ ಮುಚ್ಚಿಗೆ ಮಾಡಿ. ಎಳೆಗಳೊಂದಿಗೆ ಅವು ಉಂಡ ರಂಜಕವೂ (ಫಾಸ್ಫರಸ್) ಹೊಂಡದಿಂದ ಹೊರಗೆ ಬರುತ್ತದೆ. ಯಾವ ಖನಿಜವೂ ಇಷ್ಟು ನೇರವಾಗಿ ಆ ಕೆಲಸ ಮಾಡಲಾರದು.

ಕೋಲು ಬಣ್ಣದ ಡಬ್ಬಿಯಲ್ಲಿ ಅದ್ದಿದಂತೆ ಹಸಿರು ಬಳಿದುಕೊಂಡು ಬಂದರೆ ಎರಡನೇ ಪರೀಕ್ಷೆ ಬೇಕು. ಪಾರದರ್ಶಕ ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಮನೆಯೊಳಗೆ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಹಸಿರು ತಳಕ್ಕೆ ಇಳಿದಿದ್ದರೆ, ಇಲ್ಲವೇ ನೀರಿನಲ್ಲಿ ಸಮನಾಗಿ ನಿಂತಿದ್ದರೆ ಸಾಮಾನ್ಯ ಹಸಿರು ಪಾಚಿ. ಮೇಲೆ ತೇಲಿ ಬಂದು ಬಾಟಲಿಯ ಕೊರಳಿಗೆ ಉಂಗುರ ಕಟ್ಟಿದ್ದರೆ ನೀಲಿ-ಹಸಿರು ಪಾಚಿ ಎಂದು ಅನುಮಾನಿಸಬೇಕು. ಅದು ನಿಜಕ್ಕೂ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಅದರ ಕೋಶದೊಳಗಿನ ಗಾಳಿ ಚೀಲಗಳು ಅದನ್ನು ತೇಲಿಸುತ್ತವೆ. ಅವುಗಳಲ್ಲಿ ಕೆಲವು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸುತ್ತವೆ. ಅಂಥ ನೀರಿಗೆ ದನಗಳನ್ನು ಬಿಡಬೇಡಿ, ಮಕ್ಕಳನ್ನು ಈಜಲು ಬಿಡಬೇಡಿ. ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿ ಅದನ್ನು ಕೊಲ್ಲಲೂ ಹೋಗಬೇಡಿ: ಕೋಶ ಒಡೆದರೆ ಒಳಗಿನ ವಿಷವೆಲ್ಲ ಒಮ್ಮೆಲೇ ನೀರಿಗೆ ಬರುತ್ತದೆ.

ಮನೆಯ ಹೊಸ ತೊಟ್ಟಿಯ ಗಾಜಿನ ಮೇಲೆ ಕಂದು ಧೂಳು ಕೂತರೆ ಅದು ಡಯಾಟಮ್. ನೀರಿನ ಸಿಲಿಕಾ ತಿಂದು ಬೆಳೆಯುತ್ತದೆ. ಬಟ್ಟೆಯಿಂದ ಒರೆಸುತ್ತಿರಿ, ತೊಟ್ಟಿ ಹಳತಾದಂತೆ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಅದಕ್ಕಾಗಿ ಏನನ್ನೂ ಕೊಳ್ಳಬೇಡಿ.

ನೀರು ಯಾವುದು? ಎಲ್ಲ ಇದರ ಮೇಲೆ ನಿಂತಿದೆ

ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹೊಂಡಕ್ಕೆ ಬರುವ ನೀರು ಒಂದೇ ಬಗೆಯದಲ್ಲ. ಕೊಳವೆಬಾವಿಯ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದಲ್ಲಿ ನಿಂತ ಮಳೆನೀರು ಅದಕ್ಕೆ ತೀರಾ ವಿರುದ್ಧ, ಬಹಳ ಮೆದು. ಭದ್ರಾ ನಾಲೆಯ ನೀರು ಇವೆರಡರ ನಡುವೆ. ತೊಟ್ಟಿಗಳಿಗೆ ಬಳಸುವ ನಲ್ಲಿ ನೀರು ಒಂದು ತಿಂಗಳು ನಾಲೆಯದು, ಇನ್ನೊಂದು ತಿಂಗಳು ಬೋರಿನದು ಆಗಿರಬಹುದು. ಆದ್ದರಿಂದ "ಪಕ್ಕದವರು ಹಾಕಿದರು, ಅವರಿಗೆ ಸರಿಹೋಯಿತು" ಎನ್ನುವ ಮಾತನ್ನು ನಂಬಿ ಪ್ರಮಾಣ ನಿರ್ಧರಿಸಬಾರದು.

ಅಳೆಯಬೇಕಾದದ್ದು ಕ್ಷಾರತೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಪೊಟ್ಟಣಗಳು ತೊಟ್ಟಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ನನ್ನ ಕೆಲಸದ ಗೆರೆ ಲೀಟರಿಗೆ 50 ಮಿಲಿಗ್ರಾಂ. ಅದಕ್ಕಿಂತ ಕಡಿಮೆ ಇದ್ದರೆ ನೀರಿಗೆ ಹುಳಿಯನ್ನು ತಾಳಿಕೊಳ್ಳುವ ಶಕ್ತಿ ಇಲ್ಲ ಎಂದರ್ಥ. ಪಟಿಕ, ಲ್ಯಾಂಥನಮ್ ಜೇಡಿ (ರಂಜಕ ಹಿಡಿಯುವ ಪುಡಿ, ಮುಂದೆ ಹೇಳುತ್ತೇನೆ), ಮೈಲುತುತ್ತ ಮೂರೂ ಆ ನೀರಿನಲ್ಲಿ ಮೀನಿಗೆ ಅಪಾಯ. ಭಾವನ ಹೊಂಡ ಬೇಸಿಗೆಯಲ್ಲಿ ಬೋರಿನಿಂದ ತುಂಬುವಂಥದು. ಅಲ್ಲಿ ಕ್ಷಾರತೆ 340 ಬಂತು.

ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಅನ್ನು ಒಂದೇ ಸಲ ನೋಡಿ ಬಿಡಬೇಡಿ. ಸಂಜೆ ನಾಲ್ಕಕ್ಕೆ ಒಮ್ಮೆ, ಮರುದಿನ ಸೂರ್ಯ ಹುಟ್ಟುವ ಮುನ್ನ ಒಮ್ಮೆ ನೋಡಿ. ಪಾಚಿ ಹಗಲೆಲ್ಲ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಸಂಜೆಗೆ ಪಿಎಚ್ ಏರುತ್ತದೆ, ರಾತ್ರಿ ಉಸಿರಾಡುವುದರಿಂದ ಇಳಿಯುತ್ತದೆ. ಭಾವನಲ್ಲಿ ಸಂಜೆ 9.2, ಬೆಳಿಗ್ಗೆ 8.1. ಮೀನುಗಳು ಬೆಳಗಿನ ಜಾವ ಬಾಯಿ ಬಡಿಯುವುದಕ್ಕೂ ಇದೇ ಕಾರಣ: ರಾತ್ರಿಯಿಡೀ ಪಾಚಿಯೂ ಮೀನೂ ಒಂದೇ ಆಮ್ಲಜನಕವನ್ನು ಹಂಚಿಕೊಳ್ಳುತ್ತವೆ, ಕೋಳಿ ಕೂಗುವ ಹೊತ್ತಿಗೆ ಅದು ಮುಗಿದಿರುತ್ತದೆ.

ಸುಣ್ಣ ಹಾಕಿದೆ, ಏನೂ ಆಗಲಿಲ್ಲ

ಆಗುವುದೂ ಇಲ್ಲ. ಸುಣ್ಣದ ಕಲ್ಲಿನ ಪುಡಿ ಹುಳಿ ನೀರಿನಲ್ಲಿ ಕರಗುತ್ತದೆ. ಬೋರಿನ ನೀರು ಆಗಲೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ತುಂಬಿರುತ್ತದೆ, ಅಲ್ಲಿ ಪುಡಿ ಮರಳಿನಂತೆ ತಳಕ್ಕೆ ಬೀಳುತ್ತದೆ, ಅಷ್ಟೇ. ಅದೇ ಪುಡಿ ಮಳೆನೀರಿನ ಹೊಂಡಕ್ಕೆ ನಿಜವಾದ ಉಪಕಾರಿ: ಕ್ಷಾರತೆಯನ್ನು ಕೂಡಿಸಿ ಮುಂದಿನ ಪಟಿಕದ ಕೆಲಸಕ್ಕೆ ನೆಲ ಹದ ಮಾಡುತ್ತದೆ.

"ಕಲ್ಲಿನ ಪುಡಿ ಕೆಲಸ ಮಾಡಲಿಲ್ಲ, ಹಾಗಾದರೆ ಗೋಡೆಗೆ ಬಳಿಯುವ ಸುಣ್ಣ ಹಾಕೋಣ" ಎನ್ನುವವರಿಗೆ ಕೈಮುಗಿದು ಹೇಳುತ್ತೇನೆ, ಮೀನಿರುವ ನೀರಿಗೆ ಬೇಡ. ಅರಳಿದ ಸುಣ್ಣ ಪಿಎಚ್ ಅನ್ನು ಜಿಗಿಸುತ್ತದೆ. ನೀರಿನಲ್ಲಿರುವ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಪಾಲು ಪಿಎಚ್ ಜೊತೆಗೆ ಏರುತ್ತದೆ. 30 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಅದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ, 8ರಲ್ಲಿ ಏಳೆಂಟು ಪಾಲು, 9ರಲ್ಲಿ ನಲವತ್ತು ದಾಟುತ್ತದೆ. ನಿನ್ನೆಯವರೆಗೆ ಮೀನು ಸಹಿಸಿಕೊಂಡಿದ್ದ ಅದೇ ಅಮೋನಿಯಾ ಅರ್ಧ ಗಂಟೆಯಲ್ಲಿ ಕೊಲ್ಲುವ ಮಟ್ಟಕ್ಕೆ ಬರುತ್ತದೆ.

ಜಿಯೊಲೈಟ್ ಹಾಕಿದ ಮೇಲೆ ಮೀನು ಸತ್ತಿತು

ಇದು ದಾವಣಗೆರೆಯಲ್ಲೇ, ನಮ್ಮ ಚಿಕ್ಕಮ್ಮನ ಮನೆಯಲ್ಲಿ ನಡೆದದ್ದು. ನೂರು ಲೀಟರಿನ ತೊಟ್ಟಿ, ಆರು ಗೋಲ್ಡ್‌ಫಿಶ್. ಗಾಜಿಗೆ ಪಾಚಿ ಕಟ್ಟುತ್ತದೆ ಎಂದು ಫಿಲ್ಟರಿನೊಳಗೆ ಅರ್ಧ ಕಿಲೋ ಜಿಯೊಲೈಟ್ ಹರಳುಗಳನ್ನು ಬಟ್ಟೆ ಚೀಲದಲ್ಲಿ ಇಟ್ಟಿದ್ದರು. ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡಿತು. ಯಾರದೋ ಸಲಹೆಯಂತೆ ಕಲ್ಲುಪ್ಪನ್ನು ಲೀಟರಿಗೆ ಮೂರು ಗ್ರಾಂನಂತೆ ಹಾಕಿದರು. ಪ್ರಮಾಣ ಸರಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಎರಡು ಮೀನು ಮೇಲೆ ತೇಲುತ್ತಿದ್ದವು, ಉಳಿದವುಗಳ ಕಿವಿರು ಕೆಂಪಗೆ ಉರಿದಂತಿತ್ತು. ಚಿಕ್ಕಮ್ಮ ಅಳುತ್ತಾ ಫೋನ್ ಮಾಡಿದರು: "ಉಪ್ಪು ಹಾಕಿ ನಾನೇ ಕೊಂದೆ ಕಣೋ."

ಹೋಗಿ ಅಮೋನಿಯಾ ಪರೀಕ್ಷಿಸಿದೆ. ಸೀಸೆಯ ನೀರು ಹಳದಿಯಿಂದ ನೇರ ಕಡು ಹಸಿರಿಗೆ ತಿರುಗಿತು, ಲೀಟರಿಗೆ 2 ಮಿಲಿಗ್ರಾಂ. ಪಿಎಚ್ 8.2. ಉಪ್ಪು ಮೀನನ್ನು ಕೊಲ್ಲಲಿಲ್ಲ. ಉಪ್ಪು ಜಿಯೊಲೈಟಿನ ಕೈ ಬಿಡಿಸಿತು. ಜಿಯೊಲೈಟ್ ಅಮೋನಿಯಂ ಅನ್ನು ಹಿಡಿಯುವುದು ಅದರ ಬದಲಿಗೆ ತನ್ನಲ್ಲಿರುವ ಸೋಡಿಯಂ ಬಿಟ್ಟುಕೊಟ್ಟು. ನೀರಿನಲ್ಲಿ ಸೋಡಿಯಂ ಬಹಳವಾದರೆ ವ್ಯವಹಾರ ಹಿಮ್ಮುಖವಾಗುತ್ತದೆ, ಎರಡು ತಿಂಗಳು ಹಿಡಿದಿಟ್ಟದ್ದನ್ನೆಲ್ಲ ಅದು ಒಂದೇ ರಾತ್ರಿಯಲ್ಲಿ ತೊಟ್ಟಿಗೆ ಬಿಡುತ್ತದೆ. ಚೀಲವನ್ನು ತೆಗೆದು, ಕ್ಲೋರಿನ್ ಆರಿದ ನೀರಿನಿಂದ ಅರ್ಧ ತೊಟ್ಟಿ ಬದಲಾಯಿಸಿದೆ. ಉಳಿದ ನಾಲ್ಕು ಮೀನು ಬದುಕಿದವು. ತೊಟ್ಟಿಗೆ ಉಪ್ಪು ಹಾಕುವ ಮೊದಲು ಜಿಯೊಲೈಟ್ ಹೊರಗೆ ಬರಬೇಕು ಎಂಬ ಮಾತು ಪ್ರತಿ ಪೊಟ್ಟಣದ ಮೇಲೂ ದಪ್ಪ ಅಕ್ಷರದಲ್ಲಿ ಇರಬೇಕಿತ್ತು.

ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಬಹುದು. ಹರಳು ತುಂಬಿದಾಗ ಹೊರತೆಗೆದು, ಒಂದು ಲೀಟರ್ ನೀರಿಗೆ ಐವತ್ತು ಗ್ರಾಂನಿಂದ ನೂರು ಗ್ರಾಂ ಕಲ್ಲುಪ್ಪು ಕರಗಿಸಿ ಒಂದು ದಿನ ನೆನೆಸಿ, ಆ ನೀರನ್ನು ಚೆಲ್ಲಿ, ಹರಳನ್ನು ಚೆನ್ನಾಗಿ ತೊಳೆದರೆ ಮತ್ತೆ ಬಳಕೆಗೆ ಬರುತ್ತದೆ. ಯಾವಾಗ ತುಂಬುತ್ತದೆ? ಮೀನಿಗೆ ಹಾಕಿದ ಒಂದು ಗ್ರಾಂ ಆಹಾರದಿಂದ ಸುಮಾರು 30 ಮಿಲಿಗ್ರಾಂ ಅಮೋನಿಯಾ ಸಾರಜನಕ ಹೊರಬರುತ್ತದೆ. ಜಿಯೊಲೈಟ್ ಗ್ರಾಂಗೆ ಕೆಲವೇ ಮಿಲಿಗ್ರಾಂ ಹಿಡಿಯುತ್ತದೆ, ನಮ್ಮ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕೂಡ ಜಾಗ ಕೇಳುವುದರಿಂದ ಇನ್ನೂ ಕಡಿಮೆ. ಗ್ರಾಂಗೆ ಎರಡು ಎಂದು ಹಿಡಿದರೆ, ದಿನಕ್ಕೆ ಒಂದು ಗ್ರಾಂ ಆಹಾರ ಹಾಕುವ ತೊಟ್ಟಿಯಲ್ಲಿ ಅರ್ಧ ಕಿಲೋ ಹರಳಿನ ಆಯುಷ್ಯ ಒಂದು ತಿಂಗಳ ಆಸುಪಾಸು.

ಇನ್ನು ಪಾಚಿಯ ವಿಷಯ. ಜಿಯೊಲೈಟ್ ಧನ ವಿದ್ಯುದಂಶದ ಅಮೋನಿಯಂ ಅನ್ನು ಹಿಡಿಯುತ್ತದೆ, ಋಣ ವಿದ್ಯುದಂಶದ ಫಾಸ್ಫೇಟನ್ನು ಮುಟ್ಟುವುದೂ ಇಲ್ಲ. ಭಾವನ ಹೊಂಡದಲ್ಲಿ ಅಮೋನಿಯಾ 0.25 ಮಾತ್ರ ಇತ್ತು, ಫಾಸ್ಫೇಟ್ 1 ಮಿಲಿಗ್ರಾಂ. ಅಲ್ಲಿ ಚೀಲಗಟ್ಟಲೆ ಜಿಯೊಲೈಟ್ ಸುರಿದಿದ್ದರೂ ಹಸಿರು ಹೋಗುತ್ತಿರಲಿಲ್ಲ. ಚಿಕ್ಕಮ್ಮನ ತೊಟ್ಟಿಯ ಪಾಚಿಗೂ ಅದು ಉತ್ತರವಾಗಿರಲಿಲ್ಲ. ತೊಟ್ಟಿ ಪಡುವಣ ಕಿಟಕಿಯ ಪಕ್ಕದಲ್ಲಿತ್ತು. ಎದುರು ಗೋಡೆಗೆ ಸರಿಸಿ, ದೀಪವನ್ನು ದಿನಕ್ಕೆ ಏಳು ಗಂಟೆಗೆ ಇಳಿಸಿದ ಮೇಲೆ ಗಾಜು ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಸಾಕಾಗುತ್ತಿದೆ.

ರಂಜಕ ಹಿಡಿಯುವ ಜೇಡಿ, ಮತ್ತು ಮೂರು ಪಟ್ಟು ತಪ್ಪು

ಪಾಚಿಗೆ ಬೇಕಾದ ಪೋಷಕಗಳಲ್ಲಿ ಸಿಹಿನೀರಿನಲ್ಲಿ ಸಾಮಾನ್ಯವಾಗಿ ಮೊದಲು ಕೊರತೆಯಾಗುವುದು ರಂಜಕ. ಒಂದು ಗ್ರಾಂ ರಂಜಕ ಸಿಕ್ಕರೆ ಒಣ ತೂಕದಲ್ಲಿ ನೂರು ಗ್ರಾಂನಷ್ಟು ಪಾಚಿ ಬೆಳೆಯಬಲ್ಲದು. ಅದಕ್ಕೇ ರಂಜಕವನ್ನು ಹಿಡಿಯುವ ಖನಿಜಗಳು ಮುಖ್ಯ. ಬೆಂಟೊನೈಟ್ ಜೇಡಿಗೆ ಲ್ಯಾಂಥನಮ್ ಎಂಬ ಲೋಹವನ್ನು ಸೇರಿಸಿದ ಪುಡಿಯನ್ನು 1990ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದರು. ಲ್ಯಾಂಥನಮ್ ಫಾಸ್ಫೇಟಿನೊಡನೆ ಕೂಡಿ ಕರಗದ ಖನಿಜವಾಗಿ ತಳದಲ್ಲಿ ಕೂರುತ್ತದೆ, ತಳದಲ್ಲಿ ಆಮ್ಲಜನಕ ಮುಗಿದರೂ ಬಿಟ್ಟುಕೊಡುವುದಿಲ್ಲ. ನಮ್ಮ ಕೆಮ್ಮಣ್ಣಿನ ಕಬ್ಬಿಣವೂ ಫಾಸ್ಫೇಟನ್ನು ಹಿಡಿಯುತ್ತದೆ. ಹೊಲಕ್ಕೆ ಹಾಕಿದ ರಂಜಕ ಬೆಳೆಗೆ ಸಿಗದೆ ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತದೆ ಎಂದು ರೈತರು ಬಲ್ಲರು. ಆದರೆ ಕಬ್ಬಿಣದ ಹಿಡಿತ ಆಮ್ಲಜನಕ ಇರುವವರೆಗೆ ಮಾತ್ರ. ತಳ ಕೊಳೆತು ಉಸಿರುಗಟ್ಟಿದರೆ ಹಿಡಿದದ್ದನ್ನೆಲ್ಲ ಬಿಡುತ್ತದೆ.

ಲ್ಯಾಂಥನಮ್ ಜೇಡಿ ಬಳಸುವವರು ಮಾಡುವ ತಪ್ಪು ಲೆಕ್ಕದ್ದು. ಒಂದು ಗ್ರಾಂ ರಂಜಕಕ್ಕೆ ನೂರು ಗ್ರಾಂ ಪುಡಿ ಎಂಬುದು ಸೂತ್ರ. ಆದರೆ ತೊಟ್ಟಿ ಪರೀಕ್ಷಾ ಪೊಟ್ಟಣಗಳು ಸಾಮಾನ್ಯವಾಗಿ ತೋರಿಸುವುದು ರಂಜಕವನ್ನಲ್ಲ, ಫಾಸ್ಫೇಟನ್ನು. ಅದನ್ನು ಮೂರರಿಂದ ಭಾಗಿಸಬೇಕು. ಭಾವನ ಹೊಂಡದಲ್ಲಿ ಆ ದಿನ ನೀರಿನ ಮೇಲ್ಮೈ ಹತ್ತು ಮೀಟರ್ ಚೌಕ, ತಳ ಆರು ಮೀಟರ್ ಚೌಕ, ಆಳ ಎರಡು ಮೀಟರ್. ಸರಾಸರಿ ಎಂಟು ಮೀಟರ್ ಚೌಕ ಎಂದು ಹಿಡಿದರೆ 128 ಘನ ಮೀಟರ್, ಅಂದರೆ ಸುಮಾರು 1.3 ಲಕ್ಷ ಲೀಟರ್. ಫಾಸ್ಫೇಟ್ 1 ಮಿಲಿಗ್ರಾಂ ಎಂದರೆ ರಂಜಕ ಲೀಟರಿಗೆ 0.33 ಮಿಲಿಗ್ರಾಂ, ಇಡೀ ಹೊಂಡದಲ್ಲಿ 43 ಗ್ರಾಂ. ಬೇಕಾದ ಪುಡಿ ನಾಲ್ಕೂಕಾಲು ಕಿಲೋ. ಭಾಗಿಸುವುದನ್ನು ಮರೆತರೆ ಹದಿಮೂರು ಕಿಲೋ.

ಆ 43 ಗ್ರಾಂ ಅಂಕಿಯನ್ನು ನೋಡುತ್ತಾ ದಡದಲ್ಲೇ ಕೂತೆ. 19-19-19 ಗೊಬ್ಬರದ ಅರ್ಧ ಕಿಲೋದಲ್ಲಿ ಸುಮಾರು ಅಷ್ಟೇ ರಂಜಕ ಇರುತ್ತದೆ. ಅರ್ಧ ಕಿಲೋ ಗೊಬ್ಬರ ಇಡೀ ಹೊಂಡವನ್ನು ಹೀಗೆ ಮಾಡಬಲ್ಲದು. ಹಾಗಾದರೆ ಅದು ಎಲ್ಲಿಂದ ಬಂತು?

ಪಟಿಕ ಹಾಕಿದೆ, ತಿಳಿಯಾಯಿತು, ಮತ್ತೆ ಬಂತು

ಹೋಗಿ ಮತ್ತೆ ಬಂತು ಎಂದರೆ ಪಟಿಕ ತನ್ನ ಕೆಲಸ ಮಾಡಿದೆ, ಊಟ ಹೊಸದಾಗಿ ಬರುತ್ತಿದೆ. ಹೊಂಡದ ಸುತ್ತ ನಡೆಯಿರಿ. ಕೊಟ್ಟಿಗೆಯ ಗಂಜಲ ಇತ್ತ ಇಳಿಯುತ್ತದೆಯೇ, ಗೊಬ್ಬರದ ಚೀಲ ತೊಳೆಯುವ ಜಾಗ ಎಲ್ಲಿ, ಮೆಕ್ಕೆಜೋಳದ ಹೊಲದ ಬಸಿ ನೀರು ಯಾವ ಕಡೆಗೆ ಹರಿಯುತ್ತದೆ, ಎಲೆ ಉದುರಿಸುವ ಮರ ಇದೆಯೇ ನೋಡಿ. ಭಾವನಲ್ಲಿ ಇವು ಯಾವುವೂ ಇರಲಿಲ್ಲ, ಹೊಂಡ ಅಚ್ಚುಕಟ್ಟಾಗಿತ್ತು.

ಸುಳಿವು ಸಿಕ್ಕಿದ್ದು ಸಂಜೆ ಪಂಪ್ ಚಾಲೂ ಮಾಡುವಾಗ. ಭಾವ ಒಂದು ಕೊಡ ನೀರು ತಂದು ಪಂಪಿನ ಬಾಯಿಗೆ ಸುರಿದರು. "ದಿನಾ ಹೀಗೆಯೇ ಮಾಡುತ್ತೀರಾ ಭಾವ?" ಎಂದೆ. "ಎರಡು ತಿಂಗಳಾಯಿತು, ನೀರು ನಿಲ್ಲುವುದಿಲ್ಲ. ಫುಟ್‌ವಾಲ್ವ್ ಬದಲಾಯಿಸಬೇಕು, ಕೆಲಸದ ಗಡಿಬಿಡಿಯಲ್ಲಿ ಆಗಿಲ್ಲ" ಎಂದರು. ಸಕ್ಷನ್ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಬಾಗಿಲೇ ಫುಟ್‌ವಾಲ್ವ್. ಪಂಪಿನ ಪಕ್ಕದಲ್ಲೇ ಎತ್ತರದ ಕಟ್ಟೆಯ ಮೇಲೆ ಗೊಬ್ಬರ ಕರಗಿಸಿದ ನೀಲಿ ಡ್ರಮ್ಮು, ಅದರಿಂದ ವೆಂಚುರಿಗೆ (ಗೊಬ್ಬರದ ನೀರನ್ನು ಎಳೆದು ಡ್ರಿಪ್ ನೀರಿಗೆ ಸೇರಿಸುವ ಸಾಧನ) ಕೈಬೆರಳ ದಪ್ಪದ ಕೊಳವೆ. ಡ್ರಮ್ಮಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಹತ್ತು ನಿಮಿಷ ಓಡಿಸಿ ಪಂಪ್ ನಿಲ್ಲಿಸಿದೆವು. ಡ್ರಮ್ಮಿನ ನೀರು ಗೆರೆಯಿಂದ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಹೊಂಡದೊಳಗೆ ಸಕ್ಷನ್ ಪೈಪಿನ ತುದಿಯಲ್ಲಿ ಎಣ್ಣೆ ಹರಡಿದಂತೆ ನೀರು ಅಲುಗುತ್ತಿತ್ತು. ಕರೆಂಟ್ ಹೋದಾಗಲೆಲ್ಲ, ಕೊಳವೆಗಳಲ್ಲಿದ್ದ ನೀರು ಸೋರುವ ಫುಟ್‌ವಾಲ್ವ್ ಮೂಲಕ ಹಿಂದಕ್ಕೆ ಇಳಿಯುತ್ತಾ ಡ್ರಮ್ಮಿನ ಗೊಬ್ಬರವನ್ನೂ ಹೊಂಡಕ್ಕೆ ಎಳೆದೊಯ್ಯುತ್ತಿತ್ತು. ತೋಟಕ್ಕೆಂದು ಕೊಟ್ಟ ಗೊಬ್ಬರವನ್ನು ಎರಡು ತಿಂಗಳಿಂದ ಪಾಚಿ ಉಣ್ಣುತ್ತಿತ್ತು.

ಫುಟ್‌ವಾಲ್ವ್ ಬದಲಾಯಿತು. ಪಂಪಿನ ಮುಂದೆ, ವೆಂಚುರಿಗಿಂತ ಮೊದಲು, ಒಂದು ನಾನ್‌ರಿಟರ್ನ್ ವಾಲ್ವ್ ಕೂತಿತು. ಗೊಬ್ಬರದ ಕೊಳವೆಗೆ ಗೇಟು ಹಾಕಿ, ಪಂಪ್ ನಿಲ್ಲಿಸುವ ಮೊದಲೇ ಮುಚ್ಚುವುದನ್ನು ರೂಢಿ ಮಾಡಿಕೊಂಡರು. ಇವೆಲ್ಲ ಆದ ಮೇಲೆಯೇ ಪಟಿಕದ ಸರದಿ.

ಪಟಿಕದ ಪ್ರಮಾಣವನ್ನು ಬಕೆಟ್ಟಿನಲ್ಲಿ ಕಂಡುಕೊಳ್ಳಬೇಕು. ಹತ್ತು ಗ್ರಾಂ ಪಟಿಕವನ್ನು ಪುಡಿ ಮಾಡಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಹೊಂಡದ ನೀರನ್ನು ಹತ್ತತ್ತು ಲೀಟರಿನಂತೆ ಮೂರು ಬಕೆಟ್ಟಿಗೆ ತುಂಬಿ. ಈ ದ್ರಾವಣವನ್ನು ಒಂದಕ್ಕೆ 20, ಇನ್ನೊಂದಕ್ಕೆ 30, ಮತ್ತೊಂದಕ್ಕೆ 40 ಮಿಲಿಲೀಟರ್ ಹಾಕಿ; ಅದೇ ಲೀಟರಿಗೆ ಅಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಒಂದು ನಿಮಿಷ ಜೋರಾಗಿ, ಐದು ನಿಮಿಷ ಮೆಲ್ಲಗೆ ಕಲಕಿ ಬಿಡಿ. ಸ್ವಲ್ಪ ಹೊತ್ತಿಗೆ ನೀರಿನೊಳಗೆ ಹತ್ತಿ ಎಳೆಗಳಂತೆ ಹಸಿರು ಬಿಳಿ ತುಣುಕುಗಳು ಕಟ್ಟುತ್ತವೆ, ಒಂದಕ್ಕೊಂದು ಅಂಟಿ ದಪ್ಪವಾಗಿ, ಮಂಜು ಇಳಿದಂತೆ ತಳಕ್ಕೆ ಕೂರುತ್ತವೆ. ಎರಡು ಗಂಟೆಯ ಬಳಿಕ ತಳದ ಗೀಚು ಗುರುತುಗಳು ಕಾಣುವ ಬಕೆಟ್ಟುಗಳಲ್ಲಿ ಕಡಿಮೆ ಪ್ರಮಾಣದ್ದನ್ನು ಆರಿಸಿ. ಭಾವನ ನೀರಿಗೆ 30 ಸಾಕಾಯಿತು, ಒಟ್ಟು 3.9 ಕಿಲೋ.

ಪಟಿಕ ಪ್ರತಿ ಮಿಲಿಗ್ರಾಂಗೆ ಅರ್ಧ ಮಿಲಿಗ್ರಾಂವರೆಗೆ ಕ್ಷಾರತೆಯನ್ನು ತಿನ್ನುತ್ತದೆ. 340 ಇರುವಲ್ಲಿ 15 ಹೋದರೆ ಲೆಕ್ಕಕ್ಕಿಲ್ಲ. 20 ಇರುವ ಮಳೆನೀರಿನ ಹೊಂಡದಲ್ಲಿ ಅದೇ 15 ಹೋದರೆ ನೀರು ಹುಳಿಯಾಗಿ, ಕರಗಿದ ಅಲ್ಯೂಮಿನಿಯಂ ಮೀನಿನ ಕಿವಿರಿಗೆ ಕೂರುತ್ತದೆ. ಅಲ್ಲಿ ಮೊದಲು ಸುಣ್ಣದ ಕಲ್ಲಿನ ಪುಡಿ ಹಾಕಿ, ಒಂದೆರಡು ವಾರ ಬಿಟ್ಟು ಕ್ಷಾರತೆಯನ್ನು ಮತ್ತೆ ಅಳೆದ ಮೇಲೆ ಪಟಿಕ. ಹೊತ್ತೂ ಮುಖ್ಯ. ಪಟಿಕ ಚೆನ್ನಾಗಿ ಕಟ್ಟುವುದು ಪಿಎಚ್ 6ರಿಂದ 8ರ ಆಸುಪಾಸಿನಲ್ಲಿ. ಸಂಜೆ 9 ದಾಟಿದ ನೀರಿಗೆ ಹಾಕಿದರೆ ಒಂದಷ್ಟು ಕರಗಿಯೇ ಉಳಿಯುತ್ತದೆ. ನಸುಕಿನಲ್ಲಿ ಮೀನು ಬಳಲಿರುತ್ತದೆ. ಆದ್ದರಿಂದ ಬಿಸಿಲೇರಿದ ಮೇಲೆ, ಬೆಳಿಗ್ಗೆ ಎಂಟರ ಸುಮಾರಿಗೆ ಶುರು ಮಾಡಿ.

ನಾವು ಎರಡು ದಿನ ಅರ್ಧರ್ಧ ಹಾಕಿದೆವು. ಪಾಚಿ ಒಮ್ಮೆಲೇ ತಳಕ್ಕೆ ಬಿದ್ದು ಕೊಳೆತರೆ ಅದೂ ಆಮ್ಲಜನಕವನ್ನು ತಿನ್ನುತ್ತದೆ. ಹಾಗಾಗಿ ಆ ಎರಡು ರಾತ್ರಿ ಕರೆಂಟ್ ಇದ್ದಷ್ಟು ಹೊತ್ತು ಪಂಪಿನ ನೀರನ್ನು ಹೊಂಡದ ಮೇಲೆಯೇ ಕಾರಂಜಿಯಂತೆ ಚಿಮ್ಮಿಸಿದೆವು. ಪಟಿಕದ ನೀರು ಎರಚುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ.

ಮೈಲುತುತ್ತದ ಬಗ್ಗೆ

ಭಾವನೂ ಕೇಳಿದರು: "ಅಡಿಕೆಗೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ ಮನೆಯಲ್ಲೇ ಇದೆ, ಒಂದು ಹಿಡಿ ಹಾಕಿದರೆ?" ಅದು ಪಾಚಿಯನ್ನು ನಿಜವಾಗಿ ಕೊಲ್ಲುತ್ತದೆ. ಆದರೆ ಮೆದು ನೀರಿನಲ್ಲಿ ಮೀನನ್ನೂ ಕೊಲ್ಲುತ್ತದೆ. ಗಡಸು ನೀರಿನಲ್ಲಿ ಬೇಗ ಕಾರ್ಬೊನೇಟಾಗಿ ತಳಕ್ಕಿಳಿಯುತ್ತದೆ, ಜನ ಮತ್ತೆ ಮತ್ತೆ ಹಾಕುತ್ತಾರೆ, ತಾಮ್ರ ಹೂಳಿನಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಬಸವನಹುಳು, ಸಿಗಡಿಗಳು ಮೊದಲೇ ಸಾಯುತ್ತವೆ. ಸತ್ತ ಪಾಚಿ ತನ್ನಲ್ಲಿದ್ದ ರಂಜಕವನ್ನು ನೀರಿಗೇ ಹಿಂದಿರುಗಿಸುತ್ತದೆ, ಮುಂದಿನ ಪಾಚಿಗೆ ಊಟ ಸಿದ್ಧವಾಗುತ್ತದೆ. ನಾನು ಅದನ್ನು ಯಾವ ಹೊಂಡಕ್ಕೂ ಹೇಳುವುದಿಲ್ಲ.

ಒಂದು ವಾರದ ಬಳಿಕ ಭಾವ ಅದೇ ಪಿಂಗಾಣಿ ತಟ್ಟೆ ಇಳಿಸಿ 45 ಎಂದು ಹೇಳಿದರು. ಮೂರು ವಾರಕ್ಕೆ 38. ಡ್ರಿಪ್ ಫಿಲ್ಟರನ್ನು ಈಗ ವಾರಕ್ಕೊಮ್ಮೆ ತೊಳೆಯುತ್ತಾರೆ. ಮೃಗಶಿರ ಮಳೆಗೆ ಹೊಂಡ ತುಂಬಿದಾಗ ಕ್ಷಾರತೆಯನ್ನು ಮತ್ತೆ ಅಳೆಯಬೇಕು ಎಂದು ಹೇಳಿದ್ದೇನೆ. ಹೊಸ ನೀರಿಗೆ ಹಳೆಯ ಅಂಕಿ ನಡೆಯುವುದಿಲ್ಲ. ತಟ್ಟೆ ಮತ್ತೆ 20ಕ್ಕೆ ಇಳಿದರೆ ಪಟಿಕ ತರುವ ಮೊದಲು ಡ್ರಮ್ಮಿಗೆ ಸೀಮೆಸುಣ್ಣದ ಗೆರೆ ಎಳೆದು ನೋಡುತ್ತೇನೆ ಎಂದಿದ್ದಾರೆ.